ಕಾಣದಂತೆ ಕೆಲಸ ಮಾಡುವ ಮಾತ್ರೆ

ಮೂತ್ರದ ದಾರಿಯನ್ನು ಸುತ್ತುವರಿದ ಪ್ರಾಸ್ಟೇಟ್ ಗ್ರಂಥಿ ವಯಸ್ಸಾದಂತೆ ದೊಡ್ಡದಾಗಿ ದಾರಿಯನ್ನು ಒತ್ತುತ್ತದೆ. ತೀರ್ಥಹಳ್ಳಿ ಕಡೆಯ ಗಂಡಸರು ಈ ತೊಂದರೆಗೆಂದೇ ವೈದ್ಯರ ಬಳಿ ಬರುವುದು ಕಡಿಮೆ. ಮಂಡಿನೋವಿಗೋ ಬಿ.ಪಿ.ಗೋ ಬಂದವರು ಎದ್ದು ಹೊರಡುವಾಗ, "ರಾತ್ರಿ ನಾಲ್ಕೈದು ಸಲ ಏಳಬೇಕಾಗುತ್ತದೆ ಡಾಕ್ಟರೇ, ವಯಸ್ಸಾಯಿತಲ್ಲ" ಎಂದು ಮಾತು ತೇಲಿಸುತ್ತಾರೆ. ಜೊತೆಗೆ ಹೆಂಡತಿ ಬಂದಿದ್ದರೆ ಪೂರ್ತಿ ಕಥೆ ಅವರಿಂದಲೇ ಸಿಗುತ್ತದೆ.

ಮೂತ್ರ ಕಟ್ಟಿಕೊಂಡು ಬಂದವರ ವಿಷಯ ಬೇರೆ. ಉಳಿದವರಿಗೆ ಮೊದಲ ದಿನವೇ ಮಾತ್ರೆ ಬರೆಯಲು ನನಗೆ ಆತುರವಿಲ್ಲ. ಏಳು ಪ್ರಶ್ನೆಗಳ ಅಂಕಪಟ್ಟಿಯೊಂದಿದೆ, ಒಟ್ಟು 35 ಅಂಕ. 7ರೊಳಗಿದ್ದರೆ ಸೌಮ್ಯ, 20 ಮುಟ್ಟಿದರೆ ತೀವ್ರ. ಅದನ್ನು ಕನ್ನಡದಲ್ಲಿಯೇ ಕೇಳಿ ತುಂಬಿಸುತ್ತೇನೆ. ಆಮೇಲೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಜಗ್ ಇಟ್ಟುಕೊಂಡು, ಮೂರು ದಿನ ಎಷ್ಟು ಹೊತ್ತಿಗೆ ಎಷ್ಟು ಮೂತ್ರ ಹೋಯಿತೆಂದು ಬರೆದು ತರಲು ಹೇಳುತ್ತೇನೆ. ಅಡಿಕೆ ತೂಕದ ಲೆಕ್ಕವಿಟ್ಟ ಕೈಗೆ ಅದು ಕಷ್ಟವಲ್ಲ.

ಒಬ್ಬ ಹಿರಿಯ ಬೆಳೆಗಾರರು ತಂದ ಹಾಳೆಯಲ್ಲಿ ದಿನದ ಮೂತ್ರದ ಅರ್ಧಕ್ಕಿಂತ ಹೆಚ್ಚು ರಾತ್ರಿಯ ಪಾಲಿನಲ್ಲಿತ್ತು. ಆ ವಯಸ್ಸಿನಲ್ಲಿ ಮೂರನೇ ಒಂದು ಭಾಗ ದಾಟಿದರೇ ಹೆಚ್ಚು. ಪಾದ ಒತ್ತಿದರೆ ಗುಳಿ ಬೀಳುತ್ತಿತ್ತು. ನುಂಗುತ್ತಿದ್ದುದು ಕಾಲೂತ ತರುವ ಆಮ್ಲೋಡಿಪಿನ್. ಹಗಲು ಕಾಲಿನಲ್ಲಿ ನಿಂತ ನೀರು ಮಲಗಿದ ಮೇಲೆ ಮೂತ್ರವಾಗಿ ಇಳಿಯುತ್ತಿತ್ತು. ಬಿ.ಪಿ. ಮಾತ್ರೆ ಬದಲಿಸಿ, ಮಲಗುವ ಮುಂಚಿನ ಕಷಾಯ ಬಿಡಿಸಿದ್ದಷ್ಟೇ. ಪ್ರಾಸ್ಟೇಟಿಗೆ ಔಷಧವೇ ಬೇಕಾಗಲಿಲ್ಲ.

ಬೇಕಾದವರಿಗೆ ಎರಡು ಬಗೆಯ ಮಾತ್ರೆಗಳಿವೆ. ಟ್ಯಾಮ್ಸುಲೋಸಿನ್ ಮೂತ್ರದ ದಾರಿಯ ಸ್ನಾಯುಗಳನ್ನು ಸಡಿಲಿಸುತ್ತದೆ. ಕೆಲವೇ ದಿನಗಳಲ್ಲಿ ಧಾರೆ ಸುಧಾರಿಸಿ ರೋಗಿ ಖುಷಿಯಾಗುತ್ತಾನೆ. ಫಿನಾಸ್ಟರೈಡ್ ಗ್ರಂಥಿಯನ್ನೇ ಸುಮಾರು ಕಾಲು ಭಾಗ ಕುಗ್ಗಿಸುತ್ತದೆ, ಆದರೆ ಆರು ತಿಂಗಳವರೆಗೆ ಏನೂ ಗೊತ್ತಾಗುವುದಿಲ್ಲ. ಜನ ನಿಲ್ಲಿಸುವುದು ಈ ಎರಡನೆಯದನ್ನೇ. ವರ್ಷಗಳ ಲೆಕ್ಕದಲ್ಲಿ ಕಾಪಾಡುವುದೂ ಅದೇ. 2003ರಲ್ಲಿ ಪ್ರಕಟವಾದ ಅಮೆರಿಕದ ಎಂಟಾಪ್ಸ್ ಅಧ್ಯಯನ 3,047 ಗಂಡಸರನ್ನು ಸರಾಸರಿ ನಾಲ್ಕೂವರೆ ವರ್ಷ ಗಮನಿಸಿತು. ರೋಗ ಹೆಚ್ಚುವ ಸಂಭವ ಟ್ಯಾಮ್ಸುಲೋಸಿನ್‌ನಂತೆಯೇ ಸಡಿಲಿಸುವ ಡಾಕ್ಸಜೋಸಿನ್‌ನಿಂದ ಶೇ. 39, ಫಿನಾಸ್ಟರೈಡ್‌ನಿಂದ ಶೇ. 34, ಎರಡೂ ಸೇರಿದಾಗ ಶೇ. 66ರಷ್ಟು ತಗ್ಗಿತು. ಆದರೆ ಮೂತ್ರ ಕಟ್ಟುವುದನ್ನೂ ಆಪರೇಷನ್ನನ್ನೂ ದೀರ್ಘಕಾಲದಲ್ಲಿ ತಗ್ಗಿಸಿದ್ದು ಫಿನಾಸ್ಟರೈಡ್ ಇದ್ದ ಗುಂಪುಗಳಲ್ಲಿ ಮಾತ್ರ. ಸಡಿಲಿಸುವ ಮಾತ್ರೆಯೊಂದೇ ಅದನ್ನು ಮಾಡಲಿಲ್ಲ.

ಹಾಗೆಂದು ಎಲ್ಲರಿಗೂ ಬರೆಯುವುದಿಲ್ಲ. ಅದೇ ಅಧ್ಯಯನದಲ್ಲಿ ಹುಸಿ ಮಾತ್ರೆ ನುಂಗಿದವರಲ್ಲೂ ರೋಗ ಹೆಚ್ಚಿದ್ದು ಸುಮಾರು ಶೇ. 17 ಮಂದಿಗೆ ಮಾತ್ರ. ಗ್ರಂಥಿ ಚಿಕ್ಕದಿದ್ದವರಿಗೆ ಫಿನಾಸ್ಟರೈಡ್ ವ್ಯರ್ಥ ಖರ್ಚು. ಸ್ಕ್ಯಾನಿನಲ್ಲಿ ದೊಡ್ಡದಾಗಿ ಕಂಡವರಿಗೆ ಕೊಡುತ್ತೇನೆ, ಕೊಡುವಾಗಲೇ ಕಾಮಾಸಕ್ತಿ ಕುಗ್ಗಬಹುದು ಎಂದೂ ಬಿಡಿಸಿ ಹೇಳುತ್ತೇನೆ. ಮುಚ್ಚಿಟ್ಟರೆ ಅವರು ಮಾತ್ರೆಯನ್ನೂ ನನ್ನನ್ನೂ ಒಟ್ಟಿಗೆ ಬಿಡುತ್ತಾರೆ. ಮನೆಯಲ್ಲಿ ಬಸುರಿ ಸೊಸೆ ಇದ್ದರೆ ಮುರಿದ ಮಾತ್ರೆಯನ್ನು ಆಕೆ ಮುಟ್ಟಬಾರದು, ಇದನ್ನು ಅತ್ತೆಗೂ ಹೇಳಿಸಬೇಕು. ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಇನ್ನೊಂದು ಸಾಲು ಬರೆಯುತ್ತೇನೆ: "ಪಿ.ಎಸ್.ಎ. ಬಂದ ಸಂಖ್ಯೆಯನ್ನು ಇಮ್ಮಡಿ ಮಾಡಿ ಓದಿ." ಪಿ.ಎಸ್.ಎ. ಎಂದರೆ ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕುವ ರಕ್ತಪರೀಕ್ಷೆ. ಈ ಮಾತ್ರೆ ಅದರ ಸಂಖ್ಯೆಯನ್ನು ಸುಮಾರು ಅರ್ಧಕ್ಕಿಳಿಸುವುದರಿಂದ, ತಿಳಿಯದವರು ನೋಡಿದರೆ ಕ್ಯಾನ್ಸರಿನ ಸೂಚನೆ ಕಣ್ತಪ್ಪಬಹುದು.

ಮರುತಪಾಸಣೆಗೆ ತಾರೀಖು ಕೊಟ್ಟರೆ ಯಾರೂ ಬರುವುದಿಲ್ಲ. ಮಳೆ ಹಿಡಿಯುವ ಮುಂಚೆ ಒಮ್ಮೆ, ಅಡಿಕೆ ಕೊಯ್ಲು ಮುಗಿದ ಮೇಲೆ ಒಮ್ಮೆ ಎಂದರೆ ಬರುತ್ತಾರೆ. ಮಳೆಗೆ ಮುಂಚಿನ ಭೇಟಿಯಲ್ಲಿ ಒಂದೇ ಉಪದೇಶ: ನೆಗಡಿಗೆ ಅಂಗಡಿಯ ಮಾತ್ರೆ ಬೇಡ. ಕ್ಲೋರ್ಫೆನಿರಮಿನ್, ಮೂಗು ಕಟ್ಟುವುದನ್ನು ಬಿಡಿಸುವ ಔಷಧಗಳು ದೊಡ್ಡ ಪ್ರಾಸ್ಟೇಟ್ ಇರುವವರ ಮೂತ್ರವನ್ನು ಪೂರ್ತಿ ಕಟ್ಟಿಬಿಡಬಲ್ಲವು. ಆಗುಂಬೆ ಮಳೆಯಲ್ಲಿ, ನಡುರಾತ್ರಿ, ಹೊಟ್ಟೆ ಉಬ್ಬಿಸಿಕೊಂಡು ಜೀಪಿನಲ್ಲಿ ಕುಲುಕಿಸಿಕೊಂಡು ಬಂದವರಿಗೆ ನಳಿಕೆ ಹಾಕಿದರೆ ಲೀಟರ್‌ಗಟ್ಟಲೆ ಇಳಿಯುತ್ತದೆ.

ಪದೇ ಪದೇ ಕಟ್ಟುವವರು, ರಕ್ತದಲ್ಲಿ ಕ್ರಿಯಾಟಿನಿನ್ ಏರಿ ಮೂತ್ರಪಿಂಡ ಸೋಲುತ್ತಿರುವ ಸೂಚನೆ ಇರುವವರು, ಮೂತ್ರಕೋಶದಲ್ಲಿ ಕಲ್ಲಾದವರು ಶಿವಮೊಗ್ಗಕ್ಕೆ ಹೋಗಿ ಆಪರೇಷನ್ ಮಾಡಿಸಿಕೊಳ್ಳಲೇಬೇಕು. ತೀರಾ ತಡವಾದರೆ ಸೋತ ಮೂತ್ರಕೋಶ ಆಪರೇಷನ್ ನಂತರವೂ ಚೇತರಿಸಿಕೊಳ್ಳದಿರಬಹುದು. ಮುಗಿಸಿ ಬಂದವರೂ ವರ್ಷಕ್ಕೊಮ್ಮೆ ನನ್ನ ಬಳಿ ಬರಬೇಕು: ಕೆರೆದು ತೆಗೆದದ್ದು ಒಳಭಾಗ ಮಾತ್ರ, ಹೊರಗಿನ ಸಿಪ್ಪೆ ಅಲ್ಲೇ ಇರುತ್ತದೆ. ಕ್ಯಾನ್ಸರ್ ಹುಟ್ಟುವುದು ಹೆಚ್ಚಾಗಿ ಅದರಲ್ಲೇ.