ರಕ್ತದಲ್ಲಿ ಎಲ್‌ಡಿಎಚ್ ಅಳೆಯುವುದು ಹೇಗೆ?

ಲಿಂಫೋಮಾ (ದುಗ್ಧರಸ ಗ್ರಂಥಿಗಳ ಕ್ಯಾನ್ಸರ್) ಎಂಬ ಅನುಮಾನ ಬಂದಾಗ ವೈದ್ಯರು ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ಎಲ್‌ಡಿಎಚ್ ಕೂಡ ಇರುತ್ತದೆ. ಇದೊಂದು ಕಿಣ್ವ. ಪೂರ್ತಿ ಹೆಸರು ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್. ಮೈಯ ಹೆಚ್ಚುಕಮ್ಮಿ ಎಲ್ಲ ಜೀವಕೋಶಗಳಲ್ಲೂ ಇದೆ, ಕೋಶ ಒಡೆದರೆ ರಕ್ತಕ್ಕೆ ಸೇರುತ್ತದೆ. ಬೇಗ ಬೆಳೆಯುವ ಗಡ್ಡೆಯಲ್ಲಿ ಕೋಶಗಳು ಸಾಯುವುದೂ ಜಾಸ್ತಿ, ಹಾಗಾಗಿ ರಕ್ತದಲ್ಲಿ ಎಲ್‌ಡಿಎಚ್ ಏರುತ್ತದೆ.

ಮೊದಲ ಕೆಲಸ ರಕ್ತ ತೆಗೆಯುವುದು. ಈ ಪರೀಕ್ಷೆ ಕೆಡುವುದು ಹೆಚ್ಚಾಗಿ ಇಲ್ಲೇ. ಕೆಂಪು ರಕ್ತಕಣಗಳ ಒಳಗೆ ಸೀರಂನಲ್ಲಿ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವದಲ್ಲಿ) ಇರುವುದಕ್ಕಿಂತ ನೂರಾರು ಪಟ್ಟು ಎಲ್‌ಡಿಎಚ್ ತುಂಬಿರುತ್ತದೆ. ಸಿರಿಂಜ್ ಜೋರಾಗಿ ಎಳೆದರೂ, ಟ್ಯೂಬ್ ಕುಲುಕಿದರೂ ಕಣಗಳು ಒಡೆದು ಸುಮ್ನೆ ಲೆಕ್ಕ ಏರುತ್ತದೆ. ಅರ್ಧ ಗಂಟೆ ಹೆಪ್ಪುಗಟ್ಟಲು ಬಿಡಿ. ಆಮೇಲೆ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಡಮಾಡದೆ ಸೀರಂ ಬೇರ್ಪಡಿಸಿ. ಸೀರಂ ಕೆಂಪಗೆ ಕಂಡರೆ ಮತ್ತೆ ರಕ್ತ ತೆಗೆಯುವುದೇ ಸರಿ. ಫ್ರಿಜ್‌ನಲ್ಲಿ ಇಡಬೇಡಿ! ಈ ಕಿಣ್ವದ ಕೆಲವು ಬಗೆಗಳಿಗೆ ತಂಪು ಆಗುವುದಿಲ್ಲ.

ಇನ್ನು ಅಳತೆ. ಕಿಣ್ವ ಎಷ್ಟಿದೆ ಎಂದು ತೂಗುವುದಿಲ್ಲ, ಎಷ್ಟು ಚುರುಕಾಗಿ ಕೆಲಸ ಮಾಡುತ್ತದೆ ಎಂದು ನೋಡುತ್ತಾರೆ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೀರಂಗೆ ಲ್ಯಾಕ್ಟೇಟ್ ಮತ್ತು ಎನ್‌ಎಡಿ (ಕಿಣ್ವದ ಕೆಲಸಕ್ಕೆ ಬೇಕಾದ ಸಹಾಯಕ ವಸ್ತು) ಇರುವ ದ್ರಾವಣ ಬೆರೆಸಬೇಕು. ಕಿಣ್ವವು ಲ್ಯಾಕ್ಟೇಟನ್ನು ಪೈರುವೇಟ್ ಮಾಡುವಾಗ ಎನ್‌ಎಡಿ ಎನ್ನುವುದು ಎನ್‌ಎಡಿಎಚ್ ಆಗುತ್ತದೆ. ಎನ್‌ಎಡಿಎಚ್ 340 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಹೀರುತ್ತದೆ, ಎನ್‌ಎಡಿ ಹೀರುವುದಿಲ್ಲ. ಹಾಗಾಗಿ ಬೆಳಕು ಹೀರುವಿಕೆ ಎಷ್ಟು ಬೇಗ ಏರುತ್ತದೆ ಎಂದು ನೋಡಿದರೆ ಕಿಣ್ವದ ಚುರುಕು ತಿಳಿಯುತ್ತದೆ. ಈ ಗುಣವನ್ನು 1930ರ ದಶಕದಲ್ಲಿ ಅಳತೆಗೆ ಬಳಸಿಕೊಂಡವರು ಜರ್ಮನಿಯ ವಿಜ್ಞಾನಿ ಆಟೋ ವಾರ್ಬರ್ಗ್. ಗಡ್ಡೆಗಳು ಲ್ಯಾಕ್ಟೇಟ್ ಜಾಸ್ತಿ ಮಾಡುತ್ತವೆ ಎಂದು ಅದಕ್ಕೂ ಮೊದಲೇ ತೋರಿಸಿದ್ದವರೂ ಅವರೇ.

ಲೆಕ್ಕ ಸುಲಭ. 1 ಮಿ.ಲೀ. ದ್ರಾವಣಕ್ಕೆ 0.02 ಮಿ.ಲೀ. ಸೀರಂ ಹಾಕಿದಿರಿ ಎನ್ನಿ. ಅಂದರೆ ಸೀರಂ 51 ಪಟ್ಟು ತೆಳುವಾಯಿತು. 1 ಸೆಂ.ಮೀ. ಅಗಲದ ಕ್ಯೂವೆಟ್‌ನಲ್ಲಿ (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆ) ಬೆಳಕು ಹೀರುವಿಕೆಯ ರೀಡಿಂಗ್ ನಿಮಿಷಕ್ಕೆ 0.030 ಏರಿತು. ಅದನ್ನು 6.22ರಿಂದ (ಲೀಟರಿಗೆ 1 ಮಿಲಿಮೋಲ್ ಎನ್‌ಎಡಿಎಚ್ ಇದ್ದರೆ ಬರುವ ರೀಡಿಂಗ್) ಭಾಗಿಸಿ, 1000 ಮತ್ತು 51ರಿಂದ ಗುಣಿಸಿದರೆ ಲೀಟರಿಗೆ 246 ಯೂನಿಟ್. ಏರಿಕೆ ನಿಮಿಷದಿಂದ ನಿಮಿಷಕ್ಕೆ ಒಂದೇ ಸಮ ಇರಬೇಕು. ನಡುವೆ ಕುಗ್ಗಿದರೆ ಸೀರಂ ತೆಳು ಮಾಡಿ ಮತ್ತೆ ನೋಡಿ.

ಸಂಖ್ಯೆ ಏರಿದೆ ಎಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಹೃದಯಾಘಾತ, ಲಿವರ್ ತೊಂದರೆ, ಬಿ12 ಕೊರತೆಯಲ್ಲೂ ಏರುತ್ತದೆ. ಕ್ಯಾನ್ಸರ್ ಹೌದೋ ಅಲ್ಲವೋ ಎನ್ನುವುದಕ್ಕೆ ಸಾಮಾನ್ಯವಾಗಿ ಬಯಾಪ್ಸಿಯೇ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಬೇಕು. ರೋಗ ಖಚಿತವಾದ ಮೇಲೆ ಇದರ ಬೆಲೆ ಜಾಸ್ತಿ. ವೃಷಣದ ಕ್ಯಾನ್ಸರ್‌ನಲ್ಲಿ ಹಂತ ಗುರುತಿಸಲು ಸಾಮಾನ್ಯ ಮಟ್ಟದ ಮೇಲ್ಮಿತಿಯ ಒಂದೂವರೆ ಪಟ್ಟು, ಹತ್ತು ಪಟ್ಟು ಎಂಬ ಗೆರೆಗಳೇ ಇವೆ.

ಚಿಕಿತ್ಸೆಯ ಉದ್ದಕ್ಕೂ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ. ಇದೇ ಕ್ರಿಯೆಯನ್ನು ತಿರುವುಮುರುವಾಗಿ, ಅಂದರೆ ಪೈರುವೇಟ್‌ನಿಂದ ಲ್ಯಾಕ್ಟೇಟ್ ಕಡೆಗೆ ಅಳೆಯುವ ಲ್ಯಾಬ್‌ನಲ್ಲಿ ಅದೇ ರಕ್ತಕ್ಕೆ ಸುಮಾರು ಎರಡು ಪಟ್ಟು ಸಂಖ್ಯೆ ಬರಬಹುದು.