ತಗಾಜೂತ್‌ನಲ್ಲಿ ವ್ಯಾನು, ಗ್ಯಾಸು, ತಿಳಿಸಾರು: ನನ್ನ ಅನುಭವ

ಚಳಿಗಾಲದಲ್ಲಿ ವ್ಯಾನ್ ತಗೊಂಡು ಮೊರಾಕೊದ ಅಗಾದಿರ್ ಹತ್ತಿರದ ಸರ್ಫಿಂಗ್ ಊರು ತಗಾಜೂತ್‌ಗೆ ಹೋಗಿ, ದಿನಾ ಅನ್ನ-ಸಾರು ಮಾಡಿಕೊಂಡೇ ಸರ್ಫಿಂಗ್ ಮಾಡುತ್ತೇನೆ ಅಂದಾಗ ಜರ್ಮನಿಯ ನಮ್ಮ ಕನ್ನಡದ ಗುಂಪು ನಕ್ಕಿತ್ತು. "ಸುಮ್ನೆ ವಿಮಾನದಲ್ಲಿ ಅಗಾದಿರ್‌ಗೆ ಹೋಗಿ ಸರ್ಫ್ ಕ್ಯಾಂಪ್ ಸೇರ್ಕೋ ಮಾರಾಯ" ಎಂಬ ಉಪದೇಶವೂ ಸಿಕ್ಕಿತು. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಸ್ಪೇನ್‌ನ ಅಲ್ಹೆಸಿರಾಸ್‌ನಿಂದ ಮೊರಾಕೊದ ಟ್ಯಾಂಜಿಯರ್ ಮೆಡ್ ಬಂದರಿಗೆ ಫೆರಿ, ಅಲ್ಲಿಂದ ಅಗಾದಿರ್‌ವರೆಗೂ ಮೋಟಾರ್‌ವೇ. ಎಂಟುನೂರು ಚಿಲ್ಲರೆ ಕಿಲೋಮೀಟರ್. ಫೆರಿಗೆ ಹೋಗಿಬರಲು 200 ಯೂರೋ ಆಸುಪಾಸು, ಟೋಲ್‌ಗೆ ಸುಮಾರು 300 ದಿರ್ಹಮ್ ಆಗಿರಬೇಕು. ಹತ್ತು ದಿರ್ಹಮ್ ಅಂದರೆ ಒಂದು ಯೂರೋ ಅಂತ ಲೆಕ್ಕ ಇಟ್ಟುಕೊಳ್ಳಿ. ಡ್ರೋನ್ ಮನೆಯಲ್ಲೇ ಬಿಡಿ, ಕಸ್ಟಮ್ಸ್‌ನವರು ಇಟ್ಟುಕೊಳ್ಳುತ್ತಾರೆ. ಯುರೋಪಿನವರಿಗೆ 90 ದಿನ ಸಿಕ್ಕರೆ, ಇ-ವೀಸಾದಲ್ಲಿ ಹೋಗುವ ನಮ್ಮ ಪಾಸ್‌ಪೋರ್ಟಿಗೆ 30 ದಿನ ಮಾತ್ರ. ಹಾಗಾಗಿ ಒಂದೊಂದು ದಿನಕ್ಕೂ ಬೆಲೆ ಇದೆ.

ನಿಜವಾದ ತಲೆನೋವು ಗ್ಯಾಸ್. ಮೊದಲ ಸಲ ಜರ್ಮನಿಯ ಬೂದು ಬಣ್ಣದ ಎರಡು ಸಿಲಿಂಡರ್ ಹೇರಿಕೊಂಡು ಹೋದೆವು. ದಾರಿಯಲ್ಲಿ ಹೀಟರ್ ಹಾಕಿ ಹಾಕಿ ಒಂದು ಖಾಲಿ. ಇನ್ನೊಂದು ತಗಾಜೂತ್ ಮುಟ್ಟಿದ ವಾರದಲ್ಲೇ ಮುಗಿಯಿತು. ಅಲ್ಲಿನ ಅಂಗಡಿಯವರು ಅದನ್ನು ಬದಲಿಸಿ ಕೊಡುವುದಿಲ್ಲ. ಉಳಿದ ದಿನವೆಲ್ಲ ಹೋಟೆಲ್ ಊಟ. ತರಕಾರಿ ತಾಜೀನ್ (ಮಣ್ಣಿನ ಪಾತ್ರೆಯಲ್ಲಿ ಬೇಯಿಸುವ ಅಲ್ಲಿನ ಅಡುಗೆ) ಚೆನ್ನಾಗಿಯೇ ಇರುತ್ತದೆ, ಆದರೆ ಎಷ್ಟು ದಿನ? ಇಬ್ಬರಿಗೆ ದಿನಕ್ಕೆ 200 ದಿರ್ಹಮ್ ಹಾರುತ್ತಿತ್ತು. ಮುಂದಿನ ಸಲ ಇಂಡಕ್ಷನ್ ಒಲೆ ಒಯ್ದೆವು. ಕ್ಯಾಂಪ್‌ಸೈಟ್ ಕರೆಂಟಿಗೆ ಅದನ್ನು ಜೋಡಿಸಿದರೆ ನಮ್ಮ ಸಾಲಿನ ವ್ಯಾನ್‌ಗಳಿಗೆಲ್ಲ ಕತ್ತಲೆ. ಪಕ್ಕದ ಫ್ರೆಂಚ್ ಅಜ್ಜ ಟಾರ್ಚ್ ಹಿಡಿದು ಬಂದು ಬೈದು ಹೋದರು.

ಕೊನೆಗೆ ಕಣ್ಣಿಗೆ ಬಿದ್ದದ್ದು ಮೀನುಗಾರರ ಒಲೆ. 3 ಕೆಜಿಯ ಪುಟ್ಟ ಬ್ಯೂಟೇನ್ ಗ್ಯಾಸ್ ಸಿಲಿಂಡರ್, ಅದರ ತಲೆಗೇ ತಿರುಗಿಸಿ ಕೂರಿಸಿದ ಬರ್ನರ್, ಮೇಲೆ ಪಾತ್ರೆ. ಮೊರಾಕೊದಲ್ಲಿ ಬ್ಯೂಟೇನ್‌ಗೆ ಸರ್ಕಾರದ ಸಬ್ಸಿಡಿ ಇದೆ. 2024ರಲ್ಲಿ ದರ ಏರಿಸಿದ ಮೇಲೂ 12 ಕೆಜಿಯದ್ದು 50 ದಿರ್ಹಮ್, ಪುಟ್ಟದ್ದು ಹನ್ನೆರಡು ಚಿಲ್ಲರೆ. ಕಿರಾಣಿ ಅಂಗಡಿಯಲ್ಲಿ ಡೆಪಾಸಿಟ್ ಕೊಟ್ಟು ಒಂದು ತಗೊಂಡೆ, ಬರ್ನರ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು. ಒಂದು ಮಾತು: ಒಳಗಿನ ರಬ್ಬರ್ ವಾಷರ್ ನೋಡದೆ ಹಚ್ಚಬೇಡಿ. ಹಳೆಯದಾದರೆ ಅಂಚಿನಲ್ಲಿ ಸೀಳು ಇರುತ್ತದೆ. ಸೋಪಿನ ನೀರು ಸವರಿದಾಗ ನನ್ನದು ಬುಳುಬುಳು ಗುಳ್ಳೆ ಎಬ್ಬಿಸಿತು. ಹೊಸ ವಾಷರ್‌ಗೆ ಒಂದೆರಡು ದಿರ್ಹಮ್, ಅಷ್ಟೇ. ಅಡುಗೆ ಯಾವಾಗಲೂ ವ್ಯಾನಿನ ಹೊರಗೆ. ಗಾಳಿಗೆ ಉರಿ ಆರದ ಹಾಗೆ ನಾನು ಕಟ್ಟಿಕೊಂಡ ಮರೆಯ ಗುಟ್ಟು ಮಾತ್ರ ಇಲ್ಲಿ ಬಿಡುವುದಿಲ್ಲ, ಸಿಕ್ಕಾಗ ತೋರಿಸುತ್ತೇನೆ.

ಅಡುಗೆಗೆ ಅಗಾದಿರ್ ಸುತ್ತಲಿನ ಸೂಸ್ ಬಯಲಿನ ಟೊಮೇಟೊ, ಒಂದು ದಿರ್ಹಮ್‌ಗೆ ಕೈತುಂಬಾ ಕೊತ್ತಂಬರಿ. ತೊಗರಿಬೇಳೆ ಕಾಣಲಿಲ್ಲ. ಅಗಾದಿರ್‌ನ ಸೂಕ್ ಎಲ್ ಹದ್ ಸಂತೆಯಲ್ಲಿ ಕೊಂಡ ಮಸೂರಕ್ಕೆ ಊರಿನ ಸಾರಿನ ಪುಡಿ ಹಾಕಿದರೆ ಯಾರಿಗೂ ಗೊತ್ತಾಗಲ್ಲ. ದೋಸೆಹಿಟ್ಟು ರಾತ್ರಿ ಚಳಿಗೆ ಹುಳಿ ಬರಲಿಲ್ಲ. ಬೆಳಿಗ್ಗೆ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಟ್ಟೆ. ಮಧ್ಯಾಹ್ನಕ್ಕೆ ಮುಚ್ಚಳ ಎತ್ತಿಕೊಂಡು ಬಂತು! ವಾಪಸ್ ಬರುವಾಗ ಇಫ್ರಾನ್ ಕಡೆ ಬೆಟ್ಟ ಹತ್ತಿದೆವು. ಅಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ. ಆ ಚಳಿಯಲ್ಲಿ ಬ್ಯೂಟೇನ್ ಆವಿಯಾಗುವುದಿಲ್ಲ, ಒಲೆ ಸತ್ತಂತೆ. ಕಾಫಿಗೆ ಬಿಸಿಲೇರುವ ತನಕ ಕಾಯಬೇಕಾಯಿತು. ಕರಾವಳಿಯಲ್ಲಿ ಈ ತೊಂದರೆ ಇಲ್ಲ.

ಜಾಗದ ವಿಷಯ. ಕಡಲ ದಂಡೆಯಲ್ಲಿ ಬಿಟ್ಟಿಯಾಗಿ ನಿಲ್ಲಿಸುವ ಕಾಲ ಹೋಯಿತು. ರಾತ್ರಿ ಬಂದು ಎಬ್ಬಿಸುತ್ತಾರೆ. ತಗಾಜೂತ್‌ನಿಂದ ಉತ್ತರಕ್ಕೆ ಇಮಿ ಉಅದ್ದರ್ ಕಡೆಯ ಕ್ಯಾಂಪ್‌ಸೈಟ್‌ಗಳಲ್ಲಿ ನೂರರ ಸುಮಾರು ದಿರ್ಹಮ್‌ಗೆ ಬಿಸಿನೀರೂ ಸಿಗುತ್ತದೆ. ಹಗಲಲ್ಲಿ ಊರಿನ ಪಾರ್ಕಿಂಗ್ ಕಾವಲುಗಾರನಿಗೆ ಐದೋ ಹತ್ತೋ ಕೊಟ್ಟರೆ ಸಾಕು.

ಅಲೆಗಳ ಬಗ್ಗೆ ನಿಮಗೆ ಹೇಳಬೇಕಿಲ್ಲ. ಆಂಕರ್ ಪಾಯಿಂಟ್ ಎಂಬ ಸರ್ಫಿಂಗ್ ಜಾಗ ಪಳಗಿದವರದ್ದು, ವಾಯುವ್ಯದ ದೊಡ್ಡ ಅಲೆ ಬಂದ ದಿನ ಅಲ್ಲಿ ನೂಕುನುಗ್ಗಲು. ಕಿಲ್ಲರ್ ಪಾಯಿಂಟ್ ಕಡೆ ನಾನು ತಲೆ ಹಾಕಿಲ್ಲ. ನಾನು ಕಲಿತದ್ದು ಮುಲ್ಕಿಯ ಬೆಚ್ಚಗಿನ ನೀರಲ್ಲಿ, ಚಡ್ಡಿಯಲ್ಲಿ. ಇಲ್ಲಿ ಜನವರಿಯ ನೀರು 16-17 ಡಿಗ್ರಿ, ಚಳಿ ತಡೆಯುವ 3/2 ವೆಟ್‌ಸೂಟ್ (ಮೈಗೆ 3, ಕೈಕಾಲಿಗೆ 2 ಮಿ.ಮೀ. ದಪ್ಪದ ರಬ್ಬರ್ ಉಡುಪು) ಬೇಕೇ ಬೇಕು. ಪಕ್ಕದ ಊರು ತಮ್ರಾಘ್ತ್‌ನ ಡೆವಿಲ್ಸ್ ರಾಕ್ ನನಗೆ ಒಗ್ಗಿತು. ಗಾಳಿ ಏಳುವ ಮೊದಲು ಇಳಿಯುತ್ತಿದ್ದೆ. ಸರ್ಫ್ ಕ್ಯಾಂಪ್‌ಗಳ ಗುಂಪು ತಿಂಡಿ ಮುಗಿಸಿ ಬರುವ ಹೊತ್ತಿಗೆ ನಾನು ನೀರಿನಿಂದ ಆಚೆ. ಉಬ್ಬರ-ಇಳಿತದ ಯಾವ ಘಳಿಗೆ ಅಂತ ಕೇಳಬೇಡಿ, ಅಲ್ಲೂ ಜನ ಜಾಸ್ತಿ ಆಗುವುದು ಬೇಡ.

ತಿಂಗಳ ಲೆಕ್ಕ: ಡೀಸೆಲ್, ಫೆರಿ ಬಿಟ್ಟರೆ ಇಬ್ಬರಿಗೆ 600 ಯೂರೋ ಒಳಗೆ. ಅದರಲ್ಲಿ ಗ್ಯಾಸ್‌ಗೆ ಐದಾರು ಯೂರೋ ಆಗಿದ್ದರೆ ಹೆಚ್ಚು. ಹೊರಡುವಾಗ ಸಿಲಿಂಡರ್ ಅಂಗಡಿಗೆ ವಾಪಸ್ ಕೊಟ್ಟರೆ ಡೆಪಾಸಿಟ್‌ನಲ್ಲಿ ಮುರಿದುಕೊಂಡು ಕೊಡುತ್ತಾರೆ. ಅದರ ಬದಲು ಆಗ ತಾನೇ ಬಂದಿಳಿದ ವ್ಯಾನಿನವರಿಗೆ ಮಾರಿಬಿಡಿ. ನನಗೆ ಹಾಕಿದ ದುಡ್ಡು ಪೂರ್ತಿ ಬಂತು, ಬರ್ನರ್‌ದೂ ಸೇರಿ.