ಚುಕ್ಕಿ ಡಿಸ್ಕಿನದೋ, ಯಂತ್ರದ್ದೋ: ಕಾರವಾರದಲ್ಲಿ ಲೇಸರ್ ಡಿಸ್ಕ್ ಪ್ಲೇಯರ್ ಇಟ್ಟುಕೊಂಡ ನನ್ನ ಅನುಭವ

ಕೋಡಿಬಾಗದಲ್ಲಿರುವ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಮೂರು ಲೇಸರ್ ಡಿಸ್ಕ್ ಪ್ಲೇಯರುಗಳಿವೆ, ಎಂದರೆ ದೊಡ್ಡ ಬಿಲ್ಲೆಗಳಲ್ಲಿರುವ ವಿಡಿಯೋವನ್ನು ಟಿವಿಯಲ್ಲಿ ತೋರಿಸುವ ಹಳೆಯ ಯಂತ್ರಗಳು. ಎರಡು ಓಡುತ್ತವೆ, ಮೂರನೆಯದು ಆ ಎರಡಕ್ಕೆ ಬಿಡಿಭಾಗ ಒದಗಿಸುತ್ತಿದೆ, ಮತ್ತು ಅದು ಆ ಸ್ಥಿತಿಗೆ ಬಂದದ್ದು ನನ್ನ ಕೈಯಿಂದಲೇ. ಹಡಗಿನ ಕೆಲಸದಿಂದ ನಿವೃತ್ತರಾದ ಪರಿಚಿತರೊಬ್ಬರು ಜಪಾನಿನಿಂದ ತಂದು ವರ್ಷಗಟ್ಟಲೆ ಮುಟ್ಟದೆ ಇಟ್ಟಿದ್ದ ಯಂತ್ರವದು. "ತಗೊಂಡು ಹೋಗು ತಮಾ, ಕಪಾಟಾದ್ರೂ ಖಾಲಿ ಆಗ್ತದೆ" ಎಂದು ಅವರ ಪತ್ನಿ ಹಣವನ್ನೂ ಪಡೆಯದೆ ಕೊಟ್ಟುಬಿಟ್ಟರು. ಮನೆಗೆ ತಂದವನು ಹಿಂಬದಿಯ ಲೇಬಲ್ಲನ್ನು ಓದಲಿಲ್ಲ. ಅದರಲ್ಲಿ 100 ವೋಲ್ಟ್ ಎಂದು ಸ್ಪಷ್ಟವಾಗಿಯೇ ಬರೆದಿತ್ತು. ನಾನು ಕೊಟ್ಟದ್ದು ನಮ್ಮ ಗೋಡೆಯ 230 ವೋಲ್ಟ್. ಒಂದು ಗುಂಯ್ ಶಬ್ದ, ಸುಟ್ಟ ವಾರ್ನಿಷಿನ ವಾಸನೆ, ಅಷ್ಟಕ್ಕೇ ಮುಗಿಯಿತು. ಅಂದಿನಿಂದ ಜಪಾನಿನ ಯಾವ ಯಂತ್ರ ಬಂದರೂ, ಲೇಬಲ್ಲಿನಲ್ಲಿರುವ ವ್ಯಾಟಿನ ಎರಡು ಪಟ್ಟಾದರೂ ತಾಳುವ, ವೋಲ್ಟ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಸಿದ್ಧವಾಗುವವರೆಗೆ ಅದರ ಪ್ಲಗ್ಗನ್ನು ಟೇಪಿನಿಂದ ಸುತ್ತಿಡುತ್ತೇನೆ.

ಓಡುವ ಎರಡರಲ್ಲಿ ಒಂದು ಭಟ್ಕಳದ, ಗಲ್ಫಿನಿಂದ ಮರಳಿದ ಕುಟುಂಬವೊಂದರಿಂದ ಬಂದದ್ದು. ಅದು 220-240 ವೋಲ್ಟಿನಲ್ಲಿ ನಡೆಯುತ್ತದೆ, ಪಾಲ್ (ನಮ್ಮ ದೇಶದ್ದು) ಮತ್ತು ಎನ್‌ಟಿಎಸ್‌ಸಿ (ಅಮೆರಿಕ, ಜಪಾನಿನದು) ಎಂಬ ಎರಡೂ ಟಿವಿ ಪದ್ಧತಿಗಳ ಡಿಸ್ಕುಗಳನ್ನು ಓದುತ್ತದೆ. ಜೊತೆಗೆ ಒಂದು ಚೀಲದ ತುಂಬ ಕರಾವೋಕೆ ಡಿಸ್ಕುಗಳೂ ಬಂದವು. ನನಗೆ ಈ ವಿದ್ಯೆ ಕಲಿಸಿದ್ದು ಆ ಡಿಸ್ಕುಗಳೇ.

ಲೇಸರ್ ಡಿಸ್ಕನ್ನು ನೋಡಿದವರೆಲ್ಲ ಅದನ್ನು ದೊಡ್ಡ ಸಿಡಿ ಎಂದುಕೊಳ್ಳುತ್ತಾರೆ. 30 ಸೆಂಟಿಮೀಟರ್ ಅಗಲ, ಅದೇ ಬೆಳ್ಳಿ ಹೊಳಪು. ಆದರೆ ಇದು ಅಮೆರಿಕದ ಮಾರುಕಟ್ಟೆಗೆ ಬಂದದ್ದು 1978ರ ಡಿಸೆಂಬರಿನಲ್ಲಿ, ಎಂದರೆ ಸಿಡಿಗಿಂತ ನಾಲ್ಕು ವರ್ಷ ಮೊದಲು, ಮತ್ತು ಇದರಲ್ಲಿರುವ ಚಿತ್ರ ಡಿಜಿಟಲ್ ಅಲ್ಲ. ಲೇಸರ್ ಓದುವುದು ಕುಳಿಗಳನ್ನೇ ಆದರೂ ಆ ಕುಳಿಗಳ ಉದ್ದ ಮತ್ತು ಅಂತರ ಸತತವಾಗಿ ಬದಲಾಗುತ್ತ ಅನಲಾಗ್ ಸಂಕೇತವನ್ನೇ ಹೊತ್ತಿರುತ್ತವೆ. ಸಿಡಿಯಲ್ಲಿ ಸಣ್ಣ ಗೀರು ಬಿದ್ದರೆ ಯಂತ್ರವೇ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ, ನಮಗೆ ತಿಳಿಯುವುದೂ ಇಲ್ಲ. ಲೇಸರ್ ಡಿಸ್ಕಿನ ಚಿತ್ರಕ್ಕೆ ಅಂಥ ರಕ್ಷಣೆ ಇಲ್ಲ. ಧೂಳಾಗಲಿ, ಓರೆಯಾಗಲಿ, ತುಕ್ಕಾಗಲಿ, ಎಲ್ಲವೂ ನೇರವಾಗಿ ಪರದೆಯ ಮೇಲೆ ಬಂದು ಕೂರುತ್ತವೆ. ಮೊದಮೊದಲು ಇದು ದೋಷವೆನ್ನಿಸಿತ್ತು. ರಿಪೇರಿ ಮಾಡುವವನಿಗೆ ಇದಕ್ಕಿಂತ ಉಪಕಾರಿ ಗುಣ ಇನ್ನೊಂದಿಲ್ಲ ಎಂದು ಈಗ ಅನ್ನಿಸುತ್ತದೆ.

ಭಟ್ಕಳದ ಯಂತ್ರವನ್ನು ತಂದ ದಿನ ಅದರ ಟ್ರೇ ಹೊರಗೇ ಬರಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಟ್ರೇ ಎಳೆಯುವ ರಬ್ಬರ್ ಬೆಲ್ಟ್ ಕರಗಿ ಡಾಂಬರಿನಂತೆ ಪುಲ್ಲಿಗೆ ಮೆತ್ತಿಕೊಂಡಿತ್ತು. ಹತ್ತಿ ಮತ್ತು ಸ್ಪಿರಿಟ್ಟಿನಲ್ಲಿ ಅದನ್ನು ಒರೆಸಿ ತೆಗೆಯಲು ಒಂದು ಇಡೀ ಸಂಜೆ ಹಿಡಿಯಿತು. ಎರಡೂ ಪುಲ್ಲಿಗಳ ಸುತ್ತ ದಾರ ಹಾಯಿಸಿ ಉದ್ದ ಅಳೆದು, ಅದಕ್ಕಿಂತ ತುಸು ಚಿಕ್ಕದಾದ ಚೌಕ ಬೆಲ್ಟನ್ನು ಹುಬ್ಬಳ್ಳಿಯ ಹಳೆಯ ಟೇಪ್‌ರೆಕಾರ್ಡರ್ ಸಾಮಾನಿನ ಅಂಗಡಿಯಿಂದ ತಂದು ಹಾಕಿದೆ. ಟ್ರೇ ಬಂತು, ಡಿಸ್ಕ್ ತಿರುಗಿತು, ಚಿತ್ರವೂ ಮೂಡಿತು. ಆದರೆ ಚಿತ್ರದ ತುಂಬ ಬಿಳಿ ಮತ್ತು ಬಣ್ಣದ ಚುಕ್ಕಿಗಳು.

ಡಿಸ್ಕುಗಳ ಈ ರೋಗಕ್ಕೆ ಸಂಗ್ರಾಹಕರು ಲೇಸರ್ ರಾಟ್, ಎಂದರೆ ಲೇಸರ್ ಕೊಳೆತ, ಎನ್ನುತ್ತಾರೆ. ಲೇಸರಿಗೂ ಅದಕ್ಕೂ ಸಂಬಂಧವಿಲ್ಲ. ಡಿಸ್ಕಿನ ಎರಡು ಅಕ್ರಿಲಿಕ್ ಬಿಲ್ಲೆಗಳನ್ನು ಅಂಟು ಹಾಕಿ ಜೋಡಿಸಿರುತ್ತಾರೆ, ಒಳಗಿನ ಅಲ್ಯೂಮಿನಿಯಂ ಪದರಕ್ಕೆ ಕಾಲಾಂತರದಲ್ಲಿ ಗಾಳಿ ತಗುಲಿ ಅದು ಆಕ್ಸೈಡಾಗುತ್ತದೆ. ಉಪ್ಪು ಗಾಳಿಯ ಊರಿನವನಾದ ನಾನು ಚುಕ್ಕಿ ಕಂಡ ಕೂಡಲೇ ಹಾಗೆಂದೇ ತೀರ್ಮಾನಿಸಿ, ನಾಲ್ಕು ಡಿಸ್ಕುಗಳನ್ನು ಗುಜರಿಗೆ ಹಾಕಲು ಬೇರೆಯಿಟ್ಟೆ. ಅದೃಷ್ಟಕ್ಕೆ ಗುಜರಿಯವನು ಆ ವಾರ ಬರಲಿಲ್ಲ.

ಆ ವಾರದಲ್ಲಿ ಒಂದು ಸಂಗತಿ ಹೊಳೆಯಿತು. ಲೇಸರ್ ಡಿಸ್ಕುಗಳಲ್ಲಿ ಎರಡು ಜಾತಿ. ಓದುವ ಜಾಗ ಅಂಚಿನತ್ತ ಸರಿದಂತೆ ನಿಧಾನವಾಗಿ ತಿರುಗುವ ಸಿಎಲ್‌ವಿ ಡಿಸ್ಕಿನ ಒಂದು ಬದಿಯಲ್ಲಿ ಸುಮಾರು 60 ನಿಮಿಷ ಹಿಡಿಯುತ್ತದೆ. ಸದಾ ಒಂದೇ ವೇಗದಲ್ಲಿ ತಿರುಗುವ ಸಿಎವಿ ಡಿಸ್ಕಿನಲ್ಲಿ ಎನ್‌ಟಿಎಸ್‌ಸಿ ಲೆಕ್ಕದಂತೆ 30 ನಿಮಿಷ ಮಾತ್ರ, ಆದರೆ ಅದು ನಿಮಿಷಕ್ಕೆ 1800 ಸುತ್ತು ತಿರುಗುತ್ತ ಒಂದು ಸುತ್ತಿಗೆ ಸರಿಯಾಗಿ ಒಂದು ಫ್ರೇಮ್, ಎಂದರೆ ಒಂದು ಬಿಡಿ ಚಿತ್ರ, ಕೊಡುತ್ತದೆ. (ಆ ವೇಗದಲ್ಲಿ ಡಿಸ್ಕಿನ ಅಂಚು ಗಂಟೆಗೆ 100 ಕಿಲೋಮೀಟರ್ ಮೀರಿ ಓಡುತ್ತಿರುತ್ತದೆ, ಮುಚ್ಚಳ ತೆಗೆದು ಓಡಿಸುವವರು ಬೆರಳುಗಳನ್ನು ನೆನಪಿನಲ್ಲಿಡಬೇಕು. ಲೇಸರ್ ಕಿರಣವೂ ಕಣ್ಣಿಗೆ ಕಾಣದ ಜಾತಿಯದು, ಬಗ್ಗಿ ನೋಡಬಾರದು.) ಆದ್ದರಿಂದ ಸಿಎವಿ ಡಿಸ್ಕನ್ನು ಸ್ಟಿಲ್ ಮಾಡಿದಾಗ ಲೇಸರ್ ಅದೇ ಒಂದು ಸುತ್ತನ್ನು ಮತ್ತೆ ಮತ್ತೆ ಓದುತ್ತದೆ. ಡಿಸ್ಕಿನಲ್ಲೇ ಕೊಳೆತ ಇದ್ದರೆ ಚುಕ್ಕಿ ಪ್ರತಿ ಸಲವೂ ಚಿತ್ರದ ಅದೇ ಜಾಗದಲ್ಲಿ ಬೀಳಬೇಕು. ಯಂತ್ರದ ಓದುವಿಕೆಯೇ ದುರ್ಬಲವಾಗಿದ್ದರೆ ಚುಕ್ಕಿಗಳು ಜಾಗ ಬದಲಿಸುತ್ತ ಮಿನುಗಬೇಕು.

ಕರಾವೋಕೆ ಚೀಲದಲ್ಲಿ ಒಂದು ಸಿಎವಿ ಡಿಸ್ಕ್ ಇತ್ತು. ಸಮುದ್ರತೀರದಲ್ಲಿ ಕೊಡೆ ಹಿಡಿದು ನಿಂತ ಹೆಂಗಸಿನ ದೃಶ್ಯವನ್ನು ನಿಲ್ಲಿಸಿದೆ. ಕೊಡೆಯ ಅಂಚಿನ ಬಳಿಯ ಎರಡು ಬಿಳಿ ಗೀರುಗಳು ಅಲ್ಲಾಡದೆ ನಿಂತವು. ಉಳಿದ ನೂರಾರು ಚುಕ್ಕಿಗಳು ಹುರಿಯುವ ಸಾಸಿವೆಯಂತೆ ಸಿಡಿಯುತ್ತಲೇ ಇದ್ದವು. ಎರಡು ಡಿಸ್ಕಿನವು, ಉಳಿದದ್ದೆಲ್ಲ ನನ್ನ ಯಂತ್ರದ್ದು.

ಲೆನ್ಸಿನ ಮೇಲೆ ಬರಿಗಣ್ಣಿಗೆ ಕಷ್ಟದಿಂದ ಕಾಣುವ ಮಂಜಿನಂಥ ಪೊರೆಯಿತ್ತು. ಟಾರ್ಚನ್ನು ಓರೆಯಾಗಿ ಹಿಡಿದಾಗಷ್ಟೇ ಅದು ಗೊತ್ತಾಯಿತು. ಸ್ಪಿರಿಟ್ಟಿನಲ್ಲಿ ಹತ್ತಿಯ ತುದಿಯನ್ನು ಅದ್ದಿ, ಹಿಂಡಿ, ಲೆನ್ಸ್ ಅದರ ಸ್ಪ್ರಿಂಗಿನ ಮೇಲೆ ತಗ್ಗದಷ್ಟು ಹಗುರವಾಗಿ ಎರಡು ಸಲ ತಿರುಗಿಸಿದೆ. ಮತ್ತೆ ಅದೇ ಕೊಡೆಯ ದೃಶ್ಯ ಹಾಕಿದಾಗ ಸಾಸಿವೆ ಬಹುಮಟ್ಟಿಗೆ ನಿಂತಿತ್ತು, ಎರಡು ಗೀರುಗಳು ಮಾತ್ರ ಇದ್ದಲ್ಲೇ ಇದ್ದವು. ಗುಜರಿಗೆ ಇಟ್ಟಿದ್ದ ನಾಲ್ಕರಲ್ಲಿ ಮೂರು ಡಿಸ್ಕುಗಳು ಶುಭ್ರವಾಗಿ ಓಡಿದವು.

ಸಿಎಲ್‌ವಿ ಡಿಸ್ಕುಗಳಲ್ಲಿ ಮಾತ್ರ ಇನ್ನೊಂದು ತೊಂದರೆ ಉಳಿದಿತ್ತು: ಚಿತ್ರದ ಮೇಲೆ ಓರೆ ಪಟ್ಟೆಗಳು ನಿಧಾನವಾಗಿ ಜಾರುತ್ತಿದ್ದವು. ಇದು ಪಕ್ಕದ ಸುತ್ತಿನ ಸಂಕೇತ ಸೋರುವುದರ ಗುರುತು. ಡಿಸ್ಕ್ ಸ್ವಲ್ಪ ಬಾಗಿದ್ದರೂ ಕಿರಣ ನೆಟ್ಟಗೆ ಬೀಳಲೆಂದು ಲೇಸರ್ ತಲೆಯನ್ನು ಓರೆ ಮಾಡುವ ಸಣ್ಣ ಮೋಟಾರ್ ಒಳಗಿರುತ್ತದೆ. ಅದರ ಗಿಯರಿನ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು. ಎರಡೂ ಬದಿ ತಾನೇ ಓದುವ ಯಂತ್ರಗಳಲ್ಲಿ ಲೇಸರ್ ತಲೆ ಡಿಸ್ಕಿನ ಅಂಚನ್ನು ದಾಟಿ ಬಾಗಿದ ಹಳಿಯ ಮೇಲೆ ಮೇಲ್ಬದಿಗೆ ಏರಬೇಕು, ಆ ಹಳಿಯಲ್ಲೂ ಅದೇ ಗ್ರೀಸು. ಎಲ್ಲವನ್ನೂ ಒರೆಸಿ ಹೊಸದಾಗಿ ತೆಳ್ಳಗೆ ಹಚ್ಚಿದ ಮೇಲೆ ಪಟ್ಟೆಯೂ ಹೋಯಿತು, ಎರಡನೆಯ ಬದಿಯೂ ಓದತೊಡಗಿತು. ಲೇಸರ್ ತಲೆಯೇ ಸತ್ತಿದ್ದರೆ ಇಷ್ಟು ಸುಲಭವಾಗಿ ಮುಗಿಯುತ್ತಿರಲಿಲ್ಲ. ಕೊನೆಯವರೆಗೂ ಈ ಪ್ಲೇಯರುಗಳನ್ನು ತಯಾರಿಸಿದ ಪಯೋನಿಯರ್ ಕಂಪನಿ 2009ರ ಜನವರಿಯಲ್ಲಿ ನಿಲ್ಲಿಸುವುದಾಗಿ ಪ್ರಕಟಿಸಿತು, ಹೊಸ ತಲೆಗಳನ್ನು ಹುಡುಕುವುದು ವ್ಯರ್ಥ.

ಟಿವಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನನಗೆ 1990ರ ದಶಕದ, ಎನ್‌ಟಿಎಸ್‌ಸಿಯನ್ನೂ ಒಪ್ಪುವ ಟ್ಯೂಬ್ ಟಿವಿಯೇ ಇಷ್ಟ. ಹೊಸ ಚಪ್ಪಟೆ ಟಿವಿಯಲ್ಲಿ ಈ ಚಿತ್ರ ಕಲಸಿದ ಬಣ್ಣದಂತೆ ಕಾಣುತ್ತದೆ.

ಮಳೆಗಾಲಕ್ಕೆ ನನ್ನ ಏರ್ಪಾಡು ಸರಳವಾದದ್ದು. ಡಿಸ್ಕುಗಳನ್ನು ಪುಸ್ತಕದಂತೆ ನೇರವಾಗಿ ನಿಲ್ಲಿಸುತ್ತೇನೆ, ಮಲಗಿಸಿದರೆ ಬಾಗುತ್ತವೆ. ಯಂತ್ರಗಳಿರುವ ಕಪಾಟಿನ ತಳದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 15 ವ್ಯಾಟಿನ ಬಲ್ಬ್ ಹಗಲಿರುಳು ಉರಿಯುತ್ತದೆ. ವಾರಕ್ಕೊಮ್ಮೆ ಪ್ರತಿ ಯಂತ್ರವನ್ನೂ ಅರ್ಧ ಗಂಟೆ ಓಡಿಸುತ್ತೇನೆ. ಬಲ್ಬಿಗಿಂತ ಈ ಓಟವೇ ಹೆಚ್ಚು ಕೆಲಸ ಮಾಡಿದೆಯೆಂದು ನನ್ನ ನಂಬಿಕೆ, ಏಕೆಂದರೆ ಬಲ್ಬಿಟ್ಟೂ ಓಡಿಸದೆ ಬಿಟ್ಟ ವರ್ಷ ಲೆನ್ಸಿನ ಮೇಲೆ ಪೊರೆ ಮತ್ತೆ ಕಟ್ಟಿತ್ತು.

ಗುಜರಿಗೆ ಇಟ್ಟಿದ್ದ ನಾಲ್ಕನೆಯ ಡಿಸ್ಕಿಗೆ ನಿಜವಾಗಿಯೂ ರೋಗವಿದೆ, ಅಂಚಿನಿಂದ ಒಳಕ್ಕೆ ಬರುತ್ತಿದೆ. ಲೇಸರ್ ಡಿಸ್ಕನ್ನು ಒಳಗಿನಿಂದ ಹೊರಕ್ಕೆ ಓದುವುದರಿಂದ ರೋಗ ಮುಂದುವರಿದಂತೆ ಚುಕ್ಕಿಗಳು ಮೊದಲೇ ಶುರುವಾಗುತ್ತವೆ. ಅದನ್ನು ನಾನು ಎಸೆದಿಲ್ಲ. ಪ್ರತಿ ವರ್ಷ ಮಳೆ ಹಿಡಿಯುವ ಮೊದಲು ಹಾಕಿ, ಮೊದಲ ಚುಕ್ಕಿ ಬಿದ್ದ ಸಮಯವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೊದಲ ವರ್ಷ 51ನೆಯ ನಿಮಿಷ, ಮರುವರ್ಷವೂ 51, ಕಳೆದ ವರ್ಷ 49, ಈ ಸಲ 47.